ಕೂಡಿ ಬರೆಯುವ ತರಗತಿ



2020ರ ಲಾಕ್‌ಡೌನಿನಲ್ಲಿ ನಾವು ಅಧ್ಯಾಪಕರೆಲ್ಲ ಆನ್‌ಲೈನ್ ಪಾಠ ಮಾಡಿದವರೇ. ವಾಟ್ಸಾಪ್ ಗುಂಪಿಗೆ ಪಿಡಿಎಫ್ ನೋಟ್ಸು ಹೋಯಿತು, ಗೂಗಲ್ ಮೀಟಿನ ಚಾಟಿನಲ್ಲಿ ‘ಪ್ರೆಸೆಂಟ್ ಸರ್’ಗಳ ಸಾಲು ಬಂತು, ಕ್ಯಾಮೆರಾಗಳು ಆರಿಹೋದವು. ಸಾಧನಗಳಿಗೇನೂ ಬರವಿರಲಿಲ್ಲ. ಇಡೀ ತರಗತಿ ಒಂದೇ ಕಡತದಲ್ಲಿ ಒಟ್ಟಿಗೆ ಬರೆಯಬಹುದಾದ ಗೂಗಲ್ ಡಾಕ್ಸ್ 2006ರಷ್ಟು ಹಳೆಯದು. ಆಸ್ಟ್ರೇಲಿಯದಲ್ಲಿ ಮಾರ್ಟಿನ್ ಡೂಗಿಯಾಮಸ್ ಕಟ್ಟಿದ ಮೂಡಲ್ 2002ರದು, ಅದೂ ಬಿಟ್ಟಿ. ಆದರೆ ಹುಡುಗರು ಬರೆದದ್ದನ್ನು ಮೇಷ್ಟ್ರೊಬ್ಬರೇ ಓದಿ ಅಂಕ ಹಾಕುವ ಹಳೆಯ ಏರ್ಪಾಡು ಹಾಗೇ ಉಳಿಯಿತು. ಓದುವವರು ಬದಲಾಗದೆ ಬರೆಯುವವರಿಗೆ ಹುರುಪು ಬರುವುದಿಲ್ಲ ಎಂಬುದೇ ಇವತ್ತಿನ ನನ್ನ ವಾದ.

ಅದಕ್ಕೇ ಕನ್ನಡ ವಿಕಿಪೀಡಿಯದ ಮಾತು ಎತ್ತುತ್ತೇನೆ. 2003ರಲ್ಲಿ ಶುರುವಾದದ್ದು. ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಬಗ್ಗೆ ಲೇಖನ ಬರೆಯುತ್ತಾಳೆ ಎನ್ನಿ. ಮೊದಲು ತನ್ನ ಪ್ರಯೋಗಪುಟದಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಲೇಖನವಾಗಿ ಪ್ರಕಟಿಸುತ್ತಾಳೆ. ಗುರುತಿಲ್ಲದ ಯಾರೋ ಬಂದು ಕಾಗುಣಿತ ತಿದ್ದುತ್ತಾರೆ. ಇನ್ನೊಬ್ಬರು ಚರ್ಚೆ ಪುಟದಲ್ಲಿ, ದೇವಸ್ಥಾನ ಹೊಯ್ಸಳರ ಕಾಲದ್ದೆಂದು ಬರೆದಿದ್ದೀರಿ, ಆಧಾರ ಯಾವುದು ಎಂದು ಕೇಳುತ್ತಾರೆ. ‘ಅಜ್ಜಿ ಹೇಳಿದ್ದು’ ಅಲ್ಲಿ ನಡೆಯದು. ಅವಳಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ ಎಂದೇ ನನಗನ್ನಿಸುತ್ತದೆ, ನಮ್ಮ ಹಳ್ಳಿಗಳ ತಿಳಿವಳಿಕೆ ಬಹಳಷ್ಟು ಅಚ್ಚಿಗೇ ಹೋಗಿಲ್ಲ. ಆದರೂ ಆ ಪ್ರಶ್ನೆ ಅವಳನ್ನು ಗ್ರಂಥಾಲಯಕ್ಕೆ ಕಳಿಸುತ್ತದೆ. ಜಿಲ್ಲಾ ಗ್ಯಾಸೆಟಿಯರು ತೆಗೆಸುತ್ತದೆ. ಬಿ. ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ತನ್ನೂರಿನ ಶಾಸನವನ್ನು ಹುಡುಕಿಸುತ್ತದೆ. ನಾವು ಎಷ್ಟು ಗದರಿದರೂ ಆಗದ ಕೆಲಸ ಇದು.

ಇದು ಬರೀ ಊಹೆಯಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ತರಗತಿಗಳ ವಿದ್ಯಾರ್ಥಿಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಬರೆದರು. ಲೇಖನ ಬರೆಯುವುದಷ್ಟೇ ಅಲ್ಲ, ಕರಡು ತಿದ್ದುವ ಕೆಲಸವೂ ಇದೆ. ಕಾದಂಬರಿಕಾರ ನಿರಂಜನರ ಕೃತಿಗಳು 2014ರಲ್ಲಿ ಮುಕ್ತ ಪರವಾನಗಿಗೆ ಬಂದವು. ಹೀಗೆ ಮುಕ್ತವಾದ ಪುಸ್ತಕಗಳಿಗೆ ವಿಕಿಪೀಡಿಯದ ಸೋದರ ತಾಣ ವಿಕಿಸೋರ್ಸ್ ಇದೆ. ಒಬ್ಬರು ಬೆರಳಚ್ಚು ಮಾಡಿದ ಪುಟವನ್ನು ಇನ್ನೊಬ್ಬರು ಸ್ಕ್ಯಾನ್ ಪ್ರತಿಯೊಂದಿಗೆ ಹೋಲಿಸಿ ಕರಡು ತಿದ್ದುವುದು ಅಲ್ಲಿನ ಕ್ರಮ. ಕಾಗುಣಿತ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಎಡವಿದ್ದೂ ಉಂಟು. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ ಇಂಥದೇ ಯೋಜನೆ ಶುರುವಾಗಿ ಅದೇ ವರ್ಷ ನಿಂತುಹೋಯಿತು. ವಿದ್ಯಾರ್ಥಿಗಳು ಪುಸ್ತಕ, ಜಾಲತಾಣಗಳಿಂದ ಎತ್ತಿ ಹಾಕಿದ್ದನ್ನು ಅಳಿಸಿ ಅಳಿಸಿ ಅಲ್ಲಿನ ಸ್ವಯಂಸೇವಕರು ಸುಸ್ತಾದರು. ಹುಡುಗರನ್ನು ಮಾತ್ರ ದೂರುವುದು ಸರಿಯಲ್ಲ. ಗೈಡು ನೋಡಿ ಬರೆದದ್ದಕ್ಕೆ ವರ್ಷಗಟ್ಟಲೆ ಅಂಕ ಕೊಟ್ಟವರು ನಾವೇ. ಇಷ್ಟು ಪುಟಕ್ಕೆ ಇಷ್ಟು ಅಂಕ ಎಂದ ಕೂಡಲೇ ಯಾವ ಸಾಧನವಾದರೂ ನಕಲಿನ ಕಾರ್ಖಾನೆಯಾಗುತ್ತದೆ.

ಹಾಗಾದರೆ ಅಂಕ ಯಾವುದಕ್ಕೆ? ವಿಕಿಯ ಪ್ರತಿ ಪುಟಕ್ಕೂ ಇತಿಹಾಸವಿದೆ: ಯಾರು, ಯಾವಾಗ, ಯಾವ ಪದ ಸೇರಿಸಿದರು, ತೆಗೆದರು ಎಲ್ಲವೂ ಅಲ್ಲಿ ದಾಖಲು. ಗೂಗಲ್ ಡಾಕ್ಸ್‌ನಲ್ಲೂ ಹಳೆಯ ಆವೃತ್ತಿಗಳನ್ನು ತೆರೆದು ನೋಡಬಹುದು. ನಾಲ್ವರ ಗುಂಪಿನಲ್ಲಿ ಒಬ್ಬನೇ ದುಡಿದು ಮೂವರು ಸಹಿ ಹಾಕಿದ್ದರೆ ಗುಟ್ಟು ಉಳಿಯದು. ನಾನು ಕೇಳುವುದು ಇಷ್ಟೇ: ಉದ್ದಕ್ಕೆ ಅಂಕ ಬೇಡ, ತಿದ್ದುಪಡಿಗೆ ಕೊಡಿ. ಆಕ್ಷೇಪಕ್ಕೆ ಕೊಟ್ಟ ಉತ್ತರಕ್ಕೆ, ಹುಡುಕಿ ತಂದ ಆಧಾರಕ್ಕೆ ಕೊಡಿ.

ಕೊನೆಗೊಂದು ಸಣ್ಣ ತೊಡಕು. ನಮ್ಮ ಅನೇಕರ ನೋಟ್ಸು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿದೆ. ಜಾಲದಲ್ಲಿ ಅಂಟಿಸಿದರೆ ಕಲಸುಮೇಲೋಗರ. ಅದನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿವೆ. ಕನ್ನಡ ವಿಕಿಪೀಡಿಯದ ಪುಟದೊಳಗೇ ಟೈಪಿಸುವ ಸೌಲಭ್ಯವೂ ಇದೆ. ಈ ಸೆಮಿಸ್ಟರಿನಲ್ಲಿ ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಕನ್ನಡ ವಿಭಾಗಕ್ಕೆ ವಾರಕ್ಕೊಂದು ಗಂಟೆ ಬಿಟ್ಟುಕೊಡಬೇಕೆಂದು ಪ್ರಾಂಶುಪಾಲರನ್ನು ಇದೇ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.