ಶಾಲೆಯ ಹಿಂದಿನ ಬಂಡೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನನ್ನ ನೆನಪುಗಳಲ್ಲಿ ಅರ್ಧ ತರಗತಿಯೊಳಗಿನವಲ್ಲ, ಹಿಂದಿನ ಬಂಡೆಯ ಮೇಲಿನವು. ಆದ್ದರಿಂದ ಬಂಡೆಯ ವಿಷಯವನ್ನೇ ಮಾತಾಡುತ್ತೇನೆ, ಬೇಸರಿಸಬೇಡಿ.

ಒಂಬತ್ತನೇ ತರಗತಿಯಲ್ಲಿ ಪಂದ್ಯ ಕಟ್ಟಿ ಅದನ್ನು ಹತ್ತಿದೆ. ಹತ್ತುವಾಗ ಕೈಕಾಲಿಗೆ ಹಿಡಿತ ಕಾಣುತ್ತದೆ, ಇಳಿಯುವಾಗ ಕಾಣುವುದಿಲ್ಲ. ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ಅಳುತ್ತಿದ್ದವನನ್ನು ಪಿ.ಟಿ. ಮೇಷ್ಟ್ರು ಬಾವಿಯ ಹಗ್ಗ ತಂದು, ಮೇಲಿನ ಮರಕ್ಕೆ ಬಿಗಿದು ಇಳಿಸಿದರು. ಕೆಳಗೆ ಬಂದ ಮೇಲೆ ಎರಡು ಏಟು ಬಿತ್ತು. ಆಮೇಲೆ ಅವರೇ, "ಹತ್ತಬೇಡ ಅನ್ನಲ್ಲ ಕಣೋ, ಹಗ್ಗ ಇಲ್ದೆ ಹತ್ತಬೇಡ" ಅಂದರು. ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಹಗ್ಗದ ವಿದ್ಯೆ ಕಲಿತದ್ದು ಆ ಮಾತಿನಿಂದಲೇ.

ನಮ್ಮ ಸೀಮೆಯ ಬಂಡೆ ಸಾಮಾನ್ಯದ್ದಲ್ಲ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿದ ಈ ಕಲ್ಲಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರಿಟ್ಟರು. ವಯಸ್ಸು ಸುಮಾರು 250 ಕೋಟಿ ವರ್ಷ. ನಮಗೆಲ್ಲ 'ಶೋಲೆ' ಮಾತ್ರ ಗೊತ್ತು!

ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯ ಮಾಡಿದರು, ಸುಮಾರು 346 ಹೆಕ್ಟೇರ್. ಅದು ಸರಿಯಾದ ಕೆಲಸ. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ದೇಶದ ತುಂಬ ಅವುಗಳನ್ನು ಕೊಂದಿತು. 2006ರಲ್ಲಿ ಆ ಔಷಧಿಯನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು ಕಟ್ಟಿ ಒಂದೇ ಮೊಟ್ಟೆ ಇಡುತ್ತದೆ. ಅದರ ಪಕ್ಕದಲ್ಲಿ ಹಗ್ಗ ಇಳಿಬಿಡುವ ಹಕ್ಕು ಯಾರಿಗೂ ಬೇಡ, ನಾನೂ ಕೇಳುತ್ತಿಲ್ಲ. ಹಿಂದೆ ನಮ್ಮಂಥ ಹತ್ತುವವರೇ ಅಲ್ಲಿ ಗದ್ದಲ ಮಾಡಿದ್ದು, ಬಾಟಲಿ ಬಿಟ್ಟು ಬಂದದ್ದು ಸುಳ್ಳಲ್ಲ.

ನಾನು ಕೇಳುತ್ತಿರುವುದು ಈ ಬಂಡೆಯ ಬಗ್ಗೆ. ಇಲ್ಲಿ ಹದ್ದಿಲ್ಲ, ಅಭಯಾರಣ್ಯವೂ ಅಲ್ಲ. ಆದರೆ ಮೀಸಲು ಅರಣ್ಯದ ಗಡಿಯೊಳಗಿರುವುದರಿಂದ ಅನುಮತಿಯಿಲ್ಲದೆ ಹೋದರೆ ಅತಿಕ್ರಮ ಪ್ರವೇಶ. ಎರಡು ವರ್ಷದ ಹಿಂದೆ ಹತ್ತನೇ ತರಗತಿಯ ಆರು ಮಕ್ಕಳನ್ನು ಹೆಲ್ಮೆಟ್, ಹಗ್ಗ, ಸೊಂಟಪಟ್ಟಿ ಸಮೇತ ಕರೆದೊಯ್ದೆ. ಗಾರ್ಡ್ ಬಂದು ವಾಪಸ್ ಕಳಿಸಿದರು. ಅವರದು ತಪ್ಪಲ್ಲ, ಅವರ ಕೈಯಲ್ಲಿ ಇದ್ದದ್ದು ಅಷ್ಟೇ ಕಾನೂನು. ಅದೇ ಸಂಜೆ ಅವರಲ್ಲಿ ಇಬ್ಬರು ಹಿಂದಿನ ಮಗ್ಗುಲಿಂದ ಹಗ್ಗವಿಲ್ಲದೆ ಹತ್ತಿದರು. ಒಬ್ಬ ಜಾರಿ ಬಿದ್ದು ಹಿಮ್ಮಡಿ ಮುರಿದುಕೊಂಡ. ಪರೀಕ್ಷೆಗೆ ಊರುಗೋಲಲ್ಲಿ ಬಂದ. ಅವನ ತಾಯಿ ನನ್ನನ್ನು ಬೈದರು. ಆಸೆ ಹುಟ್ಟಿಸಿದವನು ನಾನೇ ತಾನೆ.

ಆಮೇಲೆ ಅನುಮತಿಗಾಗಿ ಅಲೆದೆ. ಆಚೆ ದಿಣ್ಣೆಯ ಗುಡ್ಡ ಕ್ವಾರಿಗೆ ಹೋಗಿ ಹೊಂಡವಾಗಿರುವುದು ನಿಮಗೆಲ್ಲ ಗೊತ್ತು. ಕಲ್ಲು ಒಡೆಯುವುದಕ್ಕೆ ಅರ್ಜಿಯಿದೆ, ಗುತ್ತಿಗೆಯಿದೆ, ರಾಜಧನವಿದೆ. ಕಲ್ಲನ್ನು ಇದ್ದಂತೆಯೇ ಬಿಟ್ಟು ಹತ್ತಿ ಇಳಿಯುತ್ತೇವೆ ಅನ್ನುವವರು ಯಾವ ಅರ್ಜಿ ಬರೆಯಬೇಕೆಂದು ನಾನು ಹೋದ ಕಚೇರಿಯಲ್ಲಿ ಯಾರೂ ಹೇಳಲಿಲ್ಲ. "ಚಾರಣಕ್ಕೆ ಬರಕೊಡಿ" ಅಂದರು. ಚಾರಣಕ್ಕೆ ಈಗ ಇಲಾಖೆಯೇ ಆನ್‌ಲೈನ್ ಟಿಕೆಟ್ ಕೊಡುತ್ತದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಅಂಥದ್ದೇ ಒಂದು ಕಾಲಂ ಇದಕ್ಕೂ ಇರಲಿ ಅನ್ನುವುದೇ ನನ್ನ ವಾದ.

ಬೇರೆ ಕಡೆ ಇದನ್ನು ಮಾಡಿದ್ದಾರೆ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಪೆರಿಗ್ರಿನ್ ಎಂಬ ಡೇಗೆ ಗೂಡು ಕಟ್ಟುವ ತಿಂಗಳುಗಳಲ್ಲಿ ಆ ಬಂಡೆಗಳನ್ನಷ್ಟೇ ಮುಚ್ಚುತ್ತಾರೆ, ಮರಿ ಹಾರಿದ ಮೇಲೆ ತೆರೆಯುತ್ತಾರೆ. 2023ರಲ್ಲಿ ಅಲ್ಲಿನ ಇಲಾಖೆಗಳು ವನ್ಯಪ್ರದೇಶದ ಬಂಡೆಗಳಲ್ಲಿ ಬೋಲ್ಟ್ ಇರುವುದನ್ನೇ ನಿರ್ಬಂಧಿಸಲು ಹೊರಟವು. ಹತ್ತುವವರು ಬೀದಿ ಜಗಳ ಮಾಡಲಿಲ್ಲ, ಜನಪ್ರತಿನಿಧಿಗಳ ಬೆನ್ನು ಹತ್ತಿದರು. 2025ರ ಜನವರಿಯಲ್ಲಿ, ನಿಯಮಕ್ಕೆ ಒಳಪಟ್ಟು ಹತ್ತುವುದಕ್ಕೆ ಅಲ್ಲೂ ಅವಕಾಶವಿದೆಯೆಂದು ಮಾನ್ಯ ಮಾಡುವ ಕಾಯ್ದೆಯೇ ಬಂತು.

ನಮ್ಮದು ಅಷ್ಟು ದೊಡ್ಡ ವಿಷಯವಲ್ಲ, ಒಂದು ಬಂಡೆಯದು. ಅರ್ಜಿಯಲ್ಲಿ ನಾವು ಬರೆದಿರುವುದು ಇಷ್ಟು: ದಕ್ಷಿಣದ ಮಗ್ಗುಲು ಮಾತ್ರ ತೆರೆಯಲಿ. ಉತ್ತರದ ಬಿರುಕಿನಲ್ಲಿ ಕೊಂಬಿನ ಗೂಬೆ ಇದೆ, ಮೇಲ್ಚಾಚಿನಲ್ಲಿ ಹೆಜ್ಜೇನಿದೆ, ಆ ಕಡೆ ಯಾರೂ ಹೋಗಬಾರದು. ಹೆಸರು ಬರೆಸದೆ, ಹೆಲ್ಮೆಟ್ ಇಲ್ಲದೆ, ತರಬೇತಾದವರ ಜೊತೆ ಇಲ್ಲದೆ ಬಿಡಕೂಡದು. ಶುಲ್ಕ ಗ್ರಾಮ ಅರಣ್ಯ ಸಮಿತಿಗೆ ಹೋಗಲಿ, ನಮ್ಮ ಶಾಲೆಯ ಮಕ್ಕಳಿಗೆ ಶುಲ್ಕ ಬೇಡ. ಹೊಸ ಬೋಲ್ಟ್ ಹೊಡೆಯುವುದಾದರೆ ಇಲಾಖೆಯನ್ನು ಕೇಳಿಯೇ ಹೊಡೆಯಬೇಕು.

ನೆತ್ತಿಯ ಮೇಲೆ ಆಂಜನೇಯನ ಗುಡಿ ಇರುವಾಗ ದೇವರ ಬಂಡೆಗೆ ಮೊಳೆ ಹೊಡೆಯುವುದು ಸರಿಯೇ ಎಂದು ಗೌಡರು ಮೊನ್ನೆ ಕೇಳಿದರು. ನ್ಯಾಯವಾದ ಪ್ರಶ್ನೆ. ಗುಡಿಯ ಕೆಳಗಿನ ಭಾಗವನ್ನು ಅರ್ಜಿಯಿಂದ ತೆಗೆದಿದ್ದೇವೆ. ನನಗೆ ಅತ್ಯಂತ ಇಷ್ಟದ ದಾರಿ ಅಲ್ಲೇ ಇದೆ, ಹೋಗಲಿ ಬಿಡಿ.

ಅರ್ಜಿ ಆಟದ ಸಾಮಾನಿನ ಕೋಣೆಯ ಮೇಜಿನ ಮೇಲಿದೆ. ಮೊದಲ ಸಹಿ ಕಾಲು ಮುರಿದುಕೊಂಡ ಹುಡುಗನ ತಾಯಿಯದು. ಊಟವಾದ ಮೇಲೆ ಓದಿ ನೋಡಿ, ಒಪ್ಪದ ಮಾತಿದ್ದರೆ ಪಕ್ಕದಲ್ಲೇ ಬರೆಯಿರಿ. ಸೋಮವಾರ ಅರಣ್ಯ ಇಲಾಖೆಗೆ ಕೊಡಲು ಹೋಗುತ್ತೇವೆ, ಬರುವವರು ಒಂಬತ್ತು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಇರಿ.