ಕಿಸೊ ಕಣಿವೆಯ ಆಡಳಿತ

ಜಪಾನಿನ ನಾಗಾನೊ ಪ್ರಾಂತದ ನೈಋತ್ಯ ಮೂಲೆಯಲ್ಲಿ ಕಿಸೊ ಎಂಬ ಕಣಿವೆಯಿದೆ. ಆಡಳಿತದ ಭಾಷೆಯಲ್ಲಿ ಅದೊಂದು ‘ಗುನ್’. ನಮ್ಮ ತಾಲ್ಲೂಕಿಗೆ ಅದನ್ನು ಹೋಲಿಸಬಹುದಾದರೂ ತಹಶೀಲ್ದಾರರಿಲ್ಲದ, ಕಚೇರಿಯೂ ಇಲ್ಲದ ತಾಲ್ಲೂಕು ಅದು. ವಿಳಾಸದಲ್ಲಿ ಮಾತ್ರ ಉಳಿದುಕೊಂಡಿರುವ ಈ ಘಟಕದ ಪೂರ್ವವೃತ್ತಾಂತವನ್ನು ಅರಸಹೊರಟ ನನಗೆ ಮೊದಲು ಎದುರಾದುದು ಮರಗಳ ಕಥೆ.

ತೊಕುಗಾವ ಕಾಲದಲ್ಲಿ ಕಿಸೊ, ನಾಗೋಯದ ಓವಾರಿ ಮನೆತನಕ್ಕೆ ಸೇರಿತ್ತು; ಫುಕುಶಿಮಾದ ಯಾಮಾಮುರ ವಂಶದವರು ಅದರ ಪರವಾಗಿ ಆಳುತ್ತಿದ್ದರು. ಹಿನೋಕಿ ಮೊದಲಾದ ಐದು ಜಾತಿಯ ಮರಗಳನ್ನು ಕಡಿಯುವಂತಿರಲಿಲ್ಲ. ಕಡಿದವನ ತಲೆಯೇ ಹೋಗುತ್ತಿತ್ತೆಂದು ಪ್ರತೀತಿ. ಆದರೂ ಕೆಲವು ಬೆಟ್ಟಗಳಲ್ಲಿ ಹಳ್ಳಿಗರಿಗೆ ಪ್ರವೇಶವಿತ್ತು. 1871ರಲ್ಲಿ ಸಂಸ್ಥಾನಗಳು ರದ್ದಾಗಿ ಕಣಿವೆ ಚಿಕುಮಾ ಪ್ರಾಂತಕ್ಕೆ ಸೇರಿತು, 1876ರಲ್ಲಿ ನಾಗಾನೊಗೆ. ಇದರ ನಡುವೆ ಆ ತೆರೆದ ಬೆಟ್ಟಗಳೂ ಸರ್ಕಾರದ ಅರಣ್ಯಗಳಾದವು. ಹಳೆಯ ದೊರೆ ಬಿಟ್ಟುಕೊಟ್ಟಿದ್ದನ್ನು ಹೊಸ ಯುಗ ಕಿತ್ತುಕೊಂಡಿತೆನ್ನದೆ ವಿಧಿಯಿಲ್ಲ. ಮಾಗೊಮೆಯ ಗ್ರಾಮಾಧಿಕಾರಿ ಶಿಮಾಜಾಕಿ ಮಸಾಕಿ ಹಳ್ಳಿಗಳ ಪರವಾಗಿ ಮನವಿ ಸಲ್ಲಿಸಲು ಮುಂದಾಗಿ, 1873ರಲ್ಲಿ ಅಧಿಕಾರ ಕಳೆದುಕೊಂಡನು. 1886ರಲ್ಲಿ ಬುದ್ಧಿಭ್ರಮಣೆಗೊಂಡು ಸತ್ತನು. ಅವನ ಮಗ ತೋಸೊನ್, ತಂದೆಯ ಬಾಳನ್ನೇ ಆಧರಿಸಿ ‘ಯೊಆಕೆಮಾಏ’ ಎಂಬ ಮಹಾಕಾದಂಬರಿಯನ್ನು ಬರೆದನು.

1879ರಲ್ಲಿ ಚಿಕುಮಾ ಗುನ್ ಇಬ್ಭಾಗವಾಯಿತು. ಕಣಿವೆಗೆ ದೊರೆತ ಹೆಸರು ‘ಪಶ್ಚಿಮ ಚಿಕುಮಾ’. ಶತಮಾನಗಳ ಹೆಸರನ್ನು ಬದಿಗಿಟ್ಟು ದಿಕ್ಕೊಂದನ್ನು ಅಂಟಿಸಿದ ಕಚೇರಿಯ ಕೆಲಸ! ದೇಶದ ಗುನ್ ಸಭೆಗಳು 1923ರಲ್ಲಿಯೂ, ಕಚೇರಿಗಳು 1926ರಲ್ಲಿಯೂ ಅಂತ್ಯಗೊಂಡವು. ಕಿಸೊ ಎಂಬ ಹೆಸರು ಮರಳಿದ್ದು 1968ರಲ್ಲಿ. ಅಷ್ಟರಲ್ಲಿ ಆ ಹೆಸರಿನ ಫಲಕವನ್ನು ತೂಗುಹಾಕಲು ಬಾಗಿಲೇ ಉಳಿದಿರಲಿಲ್ಲ.

ಎದೊ ನಗರದಿಂದ ಕ್ಯೋಟೊಗೆ ಹೋಗುವ ನಾಕಾಸೆಂದೊ ಹೆದ್ದಾರಿಯ 11 ತಂಗುದಾಣಗಳು ಈ ಕಣಿವೆಯಲ್ಲಿದ್ದವು. ಗ್ರಾಮಗಳ ವಿಲೀನದ ಅಲೆಯಲ್ಲಿ, 2005ರಲ್ಲಿ, ಉತ್ತರದ ನಿಏಕಾವ ಮತ್ತು ನರಾಯಿಗಳು ಶಿಯೊಜಿರಿ ನಗರಕ್ಕೆ ಸೇರಿದವು. ದಕ್ಷಿಣದ ಮಾಗೊಮೆ ಇನ್ನೂ ದೂರ ಹೋಯಿತು. ಅದನ್ನೊಳಗೊಂಡ ಯಾಮಾಗುಚಿ ಗ್ರಾಮ, ಪ್ರಾಂತದ ಗಡಿಯನ್ನೇ ದಾಟಿ ಗಿಫು ಪ್ರಾಂತದ ನಾಕಾತ್ಸುಗಾವ ನಗರದಲ್ಲಿ ಲೀನವಾಯಿತು. ನಾಗಾನೊದ ಗವರ್ನರ್ ಒಪ್ಪದಿದ್ದಾಗ ಪ್ರಾಂತಸಭೆಯೇ ಮಸೂದೆ ತಂದು ಅಂಗೀಕರಿಸಿತು. ತೋಸೊನ್ನನ ಜನ್ಮಭೂಮಿಯನ್ನು ಬಿಟ್ಟುಕೊಡುವುದೆಂತೆಂದು ನೊಂದವರು ಉಂಟು. ಆದರೆ ನಿತ್ಯಜೀವನಕ್ಕೆ ಪಕ್ಕದ ಪೇಟೆಯನ್ನು ನೆಚ್ಚಿದ ಹಳ್ಳಿಗರನ್ನು ನಾನು ಆಕ್ಷೇಪಿಸಲಾರೆ.

ಈಗ ಕಿಸೊದಲ್ಲಿ ಮೂರು ಪಟ್ಟಣ, ಮೂರು ಗ್ರಾಮ, ಎಂಟು ತಂಗುದಾಣಗಳು ಉಳಿದಿವೆ. ತ್ಸುಮಾಗೊದಿಂದ ಮಾಗೊಮೆಗೆ ಹಳೆಯ ಹಾದಿಯಲ್ಲಿ ನಡೆವವರು, ಘಟ್ಟದ ನೆತ್ತಿಯಲ್ಲಿ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಕಾಲಿಡುತ್ತಾರೆ.