ಗೇಟು ಎತ್ತಿದ ದಿನ, ನೀರು ಮುಟ್ಟಿದ ದಿನ
(ಹಚ್ಚೊಳ್ಳಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಮೆರಿಕದ ಇತಿಹಾಸದ ತಿರುವುಗಳ ಬಗ್ಗೆ ಮಾತಾಡಬೇಕೆಂದು ಹಿರಿಯರು ಹೇಳಿದ್ದಾರೆ. ನಾನು ನೀರಾವರಿ ಇಂಜಿನಿಯರು, ಇತಿಹಾಸದ ಮೇಷ್ಟ್ರಲ್ಲ. ಕಾಲುವೆಯ ಭಾಷೆಯಲ್ಲೇ ಹೇಳುತ್ತೇನೆ. ಡ್ಯಾಮಿನ ಗೇಟು ಎತ್ತಿದ ದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಟೇಲೆಂಡಿನ ರೈತನ ಹೊಲಕ್ಕೆ ನೀರು ಯಾವಾಗ ಬಂತು ಎಂದು ಯಾರೂ ಬರೆಯುವುದಿಲ್ಲ.

ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಯಿತು. 1870ರಲ್ಲಿ, ಬಣ್ಣದ ಕಾರಣಕ್ಕೆ ಯಾರ ಮತವನ್ನೂ ತಡೆಯಬಾರದೆಂದು ಸಂವಿಧಾನಕ್ಕೆ ತಿದ್ದುಪಡಿ ಬಂತು. ಗೇಟು ಎತ್ತಿದರು, ಸರಿ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಓದುಬರಹದ ಪರೀಕ್ಷೆ, ಮತಕ್ಕೊಂದು ತೆರಿಗೆ ಇಟ್ಟು ಕಪ್ಪು ಜನರನ್ನು ಹೊರಗೇ ನಿಲ್ಲಿಸಿದರು. ಪರೀಕ್ಷೆಯಲ್ಲಿ ಪಾಸೋ ನಪಾಸೋ, ಅಲ್ಲಿನ ಗುಮಾಸ್ತ ಹೇಳಿದ್ದೇ ತೀರ್ಪು. ಅನ್ಯಾಯವಾದರೆ ಆ ಬಡವನೇ ಕೋರ್ಟು ಹತ್ತಬೇಕು. ಹೀಗೆ 95 ವರ್ಷ ಕಳೆಯಿತು.

1965ರ ಮಾರ್ಚಿನಲ್ಲಿ ಸೆಲ್ಮಾ ಊರಿನ ಸೇತುವೆಯ ಮೇಲೆ, ಮತದ ಹಕ್ಕು ಕೇಳಿ ನಡೆದುಬಂದವರಿಗೆ ಪೊಲೀಸರು ಲಾಠಿ ಬೀಸಿದರು. ಅದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆಗಸ್ಟಿನಲ್ಲಿ ಹೊಸ ಕಾನೂನು ಬಂತು. ಹಕ್ಕು ಹಳೆಯದೇ, ಹೊಸದೇನೆಂದರೆ ಕೇಂದ್ರ ಸರ್ಕಾರದ ಅಧಿಕಾರಿಗಳೇ ಜಿಲ್ಲೆಗಳಿಗೆ ಬಂದು ಹೆಸರು ಬರೆದುಕೊಂಡರು. ಕಾಲುವೆಗೆ ನೀರುಗಂಟಿ ಬಂದ ಹಾಗೆ. ಮಿಸಿಸಿಪ್ಪಿಯಲ್ಲಿ ನೂರಕ್ಕೆ ಸುಮಾರು 7 ಇದ್ದ ಕಪ್ಪು ಮತದಾರರ ನೋಂದಣಿ ಎರಡೇ ವರ್ಷದಲ್ಲಿ ಹತ್ತಿರಹತ್ತಿರ 60ಕ್ಕೆ ಏರಿತು.

ಇನ್ನು ನಮ್ಮ ಸೀಮೆಗೆ ಬರೋಣ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಮುತ್ತು ಕಟ್ಟಿ ಬಸವಿ ಬಿಡುತ್ತಿದ್ದರು. ಅವಳು ತೌರಲ್ಲೇ ಉಳಿದು ಮುಪ್ಪಿನವರನ್ನು ನೋಡಿಕೊಳ್ಳಲಿ, ಹೊಲ ಮನೆಯಲ್ಲೇ ಉಳಿಯಲಿ ಎಂಬ ಲೆಕ್ಕ. (ಬಸವ ಎಂಬ ಹೆಸರಿನ ಹೆಣ್ಣುರೂಪವನ್ನು ಇಂಥದ್ದಕ್ಕೆ ಬಳಸಿದೆವಲ್ಲ, ಆ ಮಾತು ಈಗಲೂ ನನ್ನ ಕಿವಿಗೆ ಚುಚ್ಚುತ್ತದೆ.) ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ 1947ರಲ್ಲೇ ಅಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಿದರು. 1953ರ ಅಕ್ಟೋಬರ್ 1ರಂದು ನಾವು ಮೈಸೂರಿಗೆ ಸೇರಿದೆವು. 1982ರಲ್ಲಿ ಕರ್ನಾಟಕ ಮತ್ತೆ ಅದೇ ನಿಷೇಧವನ್ನು ಬರೆಯಬೇಕಾಯಿತು! ಒಂದೇ ತೂಬಿಗೆ ಎರಡು ಸಲ ಉದ್ಘಾಟನೆ.

ಯಾಕೆಂದರೆ ಕಾನೂನು ದೂರಿಗಾಗಿ ಕಾಯುತ್ತಿತ್ತು. ದೂರು ಕೊಡುವವರು ಯಾರು? ಬಿಟ್ಟವರು ಹೆತ್ತವರೇ. ಮಗಳು ಅಪ್ಪ-ಅವ್ವನನ್ನು ಜೈಲಿಗೆ ಕಳಿಸುತ್ತಾಳೆಯೆ? ಗುಡಿಯ ಮುಂದೆ ನಡೆಯುತ್ತಿದ್ದದ್ದು ರಾತ್ರಿ ಮನೆಯೊಳಗೆ ನಡೆಯತೊಡಗಿತು. 1993-94 ಮತ್ತು 2007-08ರಲ್ಲಿ ಸರ್ಕಾರವೇ ಸಮೀಕ್ಷೆ ಮಾಡಿಸಿದಾಗ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರ ಹೆಸರು ಪಟ್ಟಿಗೆ ಬಂತು. ಮಾಸಾಶನ, ಮನೆ ಸಿಗತೊಡಗಿದ್ದು ಆ ಪಟ್ಟಿಯಿಂದಲೇ. ಅದರಲ್ಲಿ ಬಿಟ್ಟುಹೋದವರು ಬಿಟ್ಟೇ ಹೋದರು.

ಮಠಗಳ ಶಾಲೆ, ಪ್ರಸಾದನಿಲಯ ನಡೆಸುವವರು ಇಲ್ಲಿ ಕೂತಿದ್ದೀರಿ. ನಿಮ್ಮ ಪ್ರವೇಶದ ಅರ್ಜಿಯನ್ನೊಮ್ಮೆ ತೆಗೆದು ನೋಡಿ. ತಂದೆಯ ಹೆಸರಿನ ಸಾಲು ಖಾಲಿ ಇದ್ದರೆ ನಿಮ್ಮ ಗುಮಾಸ್ತರು ಏನು ಕೇಳುತ್ತಾರೆ, ಯಾರ ಮುಂದೆ ಕೇಳುತ್ತಾರೆ? ತಾಯಿಯ ಹೆಸರೊಂದೇ ಸಾಕು ಎಂದು ಈ ಜೂನ್ ದಾಖಲಾತಿಗೆ ಮೊದಲೇ ಅಚ್ಚು ಹಾಕಿಸಬಹುದು. ಅದಕ್ಕೆ ಸರ್ಕಾರದ ಅಪ್ಪಣೆಗಾಗಿ ಕಾಯಬೇಕಿಲ್ಲ.